ಉದ್ರಿ ಕೇಳಬ್ಯಾಡ್ರಿ

ತೊರವಿ ರಸ್ತೆಗೆ, ಯೂನಿವರ್ಸಿಟಿ ಗೇಟಿನ ಎದುರಿಗೆ
ತಗಡಿನ ಕೆಳಗ ನನ್ನ ಝೆರಾಕ್ಸ್ ಮಷೀನು.
ಹಾಳಿಗೆ ಎರಡು ರೂಪಾಯಿ, ಎರಡೂ ಮಗ್ಗಲಾದ್ರ ಮೂರು.
ಗ್ವಾಡಿಗೆ ಬೋರ್ಡು: ಉದ್ರಿ ಕೇಳಬ್ಯಾಡ್ರಿ.

ಕಲಕೇರಿ ಬಸ್ಸಿಳಿದು ಬಂದ ಹುಡುಗಿ,
ಭೌರಮ್ಮ ತಳವಾರ ಅಂತ ಅರ್ಜಿ ಮ್ಯಾಲ ಹೆಸರು,
ಬೋರ್ಡು ಓದಿದಳು, ಕೈಯಾಗಿನ ಹಾಳಿ ಓದಿದಳು,
ಮತ್ತ ಬೋರ್ಡು.
'ಅಕ್ಕಾ, ಇದರಾಗ ನಾಕು ಕ್ರೆಡಿಟ್ ಅಂತ ಬರದಾರ.
ಕ್ರೆಡಿಟ್ ಅಂದ್ರ ಉದ್ರಿ ಅಲ್ಲೇನ?
ಯಾರಿಗೆ ತೀರಸಬೇಕು?'

ನಗಲಿಲ್ಲ ನಾನು.
'ಡೀನಪ್ಪನವರು ಅದಾರೇನ್ರಿ' ಅಂತ
ಇದ ಆಫೀಸಿನ ಬಾಗಲಾಗ ನಿಂತು ಕೇಳಿದಾಕಿ,
ಇಪ್ಪತ್ತು ವರ್ಷದ ಹಿಂದ.

ಕೂಡವಾ, ಕರೆಂಟ್ ಹೋಗೇದ, ಬರೂತನಾ ಹೇಳ್ತೀನಿ.
ಕ್ರೆಡಿಟ್ ಅಂದ್ರ ತೂಕ.
ವಾರಕ್ಕ ನಾಕು ತಾಸು ಕೂತ್ರ ನಾಕು;
ಕಲ್ಲಿನ ಬದಲಿ ತಾಸು ಇಟ್ಟು ತೂಗ್ತಾರ.
ಸಿಲಬಸ್ ಅಂದ್ರ ಬಸ್ಸಿನ ಹಣಿಮ್ಯಾಲಿನ ಪಾಟಿ,
ಬರದ ಊರಿಗೆಲ್ಲಾ ಮುಟ್ಟಸ್ತದಂತ ನಂಬಬ್ಯಾಡ.
ಅಸೈನ್‌ಮೆಂಟು, ಕೊಡೂ ದಿನದ ಹಿಂದಿನ ರಾತ್ರಿ ಹುಟ್ತದ,
ಮುಂಜಾನೆ ಒಂಬತ್ತಕ್ಕ ನನ್ನ ಕಡೆ ಬರ್ತದ,
ಅಂಟು ಇನ್ನಾ ಹಸೀನ ಇರ್ತದ.

ಕೃತಿಚೌರ್ಯ ಅಂತೊಂದು ಅದ, ಹುಷಾರ್.
ಗುಮ್ಮಟದಾಗ ಒಬ್ಬರು ಕೆಮ್ಮಿದ್ರ ಏಳು ಮಂದಿ ಕೆಮ್ಮತಾರ,
ಅಲ್ಲಿ ಅದಕ್ಕ ಯಾರೂ ಕಳವು ಅನ್ನಂಗಿಲ್ಲ. ಇಲ್ಲಿ ಅಂತಾರ.
ನಕಲು ಮಾಡೂದು ನನಗ ಕಸಬು, ನಿನಗ ತಪ್ಪು.
ಅದಕ್ಕ ಅಡಿಟಿಪ್ಪಣಿ:
ಹಾಳಿಯ ಕಾಲಾಗ, ಸಣ್ಣ ಅಕ್ಷರದಾಗ,
ಹೆಪ್ಪು ಯಾರ ಮನಿಯಿಂದ ತಂದಿ ಅಂತ ಹೇಳೂದು.
ಮೊಸರು ನಿನ್ನದ.

ಕೆಟ್ಟ ಝೆರಾಕ್ಸಿನ ಬೆನ್ನಿಗೆ ಎಲ್ಲಾ ಬರಕೊಂಡಳು.
'ವೈವಾ?'
ಹೊರಗಿಂದ ಮಂದಿ ಬರ್ತಾರ, ಎದುರಿಗೆ ಕೂಡಸಿ ಕೇಳ್ತಾರ.
'ಕನ್ಯಾ ನೋಡಾಕ ಬಂದಂಗ?'
ಹಂಗ. ಆದ್ರ ಇಲ್ಲಿ ತಲಿ ಎತ್ತಿ
'ಅದು ನನಗ ಗೊತ್ತಿಲ್ಲ' ಅನ್ನಬಹುದು.
ಅದನ್ನೂ ಬರಕೊಂಡಳು, ಕೆಳಗ ಗೆರಿ ಎಳದಳು.

'ಬ್ಯಾಕ್‌ಲಾಗ್ ಅಂದ್ರ?'

ಬಾಕಿ, ಅಂದೆ.
ಪದಕ್ಕೊಂದು ಹೋಲಿಕಿ ಹೊಂದಿಸಿಕೊಂತ ಬಂದಾಕಿ
ಟೋನರ್ ಡಬ್ಬಿ ಒರಸಾಕ ಹತ್ತಿದೆ.

ನಾಕನೇ ಸೆಮಿಸ್ಟರ್, ಭಾಷಾವಿಜ್ಞಾನ, ಮೂವತ್ತೊಂದು.
ಮರುಪರೀಕ್ಷಾದ ದಿನ ನಾನು ದವಾಖಾನಿಯೊಳಗ,
ಮಗ್ಗಲಾಗ ಒಂದು ದಿನದ ಆಫ್ರೀನ್.
ಆಮ್ಯಾಲ ಫೀ ಇರಲಿಲ್ಲ, ಆಮ್ಯಾಲ ಅಂಗಡಿ ಇತ್ತು,
ಆಮ್ಯಾಲ ಸ್ಕೀಮು ಬದಲಾತು;
ನಾನು ಫೇಲಾದ ಪತ್ರಿಕೆನ ಈಗ ಇಲ್ಲಂತ.

ಈ ಗಾಜಿನ ಮ್ಯಾಲ ಎಷ್ಟು ಥೀಸಿಸ್ಸು ಮಕಾಡಿ ಮಲಗಿ
ಎದ್ದು ಡಾಕ್ಟರಾಗಿ ಹೋದವು.
ಹನ್ನೊಂದರಾಗ ನನ್ನ ಹೆಸರದ,
ಕೃತಜ್ಞತೆಯ ಕಟ್ಟಕಡಿ ಸಾಲು:
'ಅಂದವಾಗಿ ಅಕ್ಷರ ಜೋಡಿಸಿಕೊಟ್ಟ
ಶಮೀಮಬಾನು ಬಾಗವಾನ ಅವರಿಗೂ.'
ಆ 'ಊ' ಒಳಗ ನಾನು ಕುಂತೀನಿ.

ಕರೆಂಟ್ ಬಂತು. ಮಷೀನು ಬೆಳಕು ಕಕ್ಕೊಂತ ಅತ್ತಿತ್ತ ಓಡಿತು.
ಎರಡು ಹಾಳಿ, ನಾಕು ರೂಪಾಯಿ.
ಹುಡುಗಿಯ ಕೈಯಾಗ ಐದನೂರರ ಒಂದ ನೋಟು.
ನಾಳೆ ಕೊಡುವಂತಿ ಹೋಗು, ಅಂದೆ.
ಬೋರ್ಡು ನೋಡಿದಳು.
'ಬರಕೋರಿ ಅಕ್ಕಾ' ಅಂದು ರಸ್ತೆ ದಾಟಿದಳು,
ಗೇಟಿನಾಗ ವಾಚ್‌ಮನ್ ಐಡಿ ಕೇಳೂದು ಕಾಣತಿತ್ತು.

ವಹಿ ತಗದೆ.
ಭೌರಮ್ಮ ತಳವಾರ, ರೂ. ೪.
ಅದರ ಕೆಳಗ, ಯಾಕೋ, ನನ್ನ ಹೆಸರು ಬರದೆ:
ಪತ್ರಿಕೆ, ೧.