ಸರತಿ

ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ರಾತ್ರಿ ಪಾಳಿ ನನ್ನದು.
ಇಲ್ಲಿಂದ ರೈಲ್ವೆ ಗೇಟಿನ ತನಕ
ಗಾಡಿ, ಟ್ರಾಕ್ಟರು, ಲಾರಿ, ಮತ್ತೆ ಗಾಡಿ.
ಕಿಂಡಿಯೊಳಗೆ ಚಾಚಿದ ಕೈಗೆಲ್ಲ
ಒಂದೊಂದು ಟೋಕನ್ ಇಟ್ಟು ಹೇಳುತ್ತೇನೆ:
"ಕೂಗ್ತೀವಿ, ಇರಿ."

ಮೈಸೂರಿನ ಶಿವರಾಂಪೇಟೆಯ ಪದ್ಮರಾಜಯ್ಯನವರೂ
ನನಗೆ ಹೇಳಿದ್ದು ಅದನ್ನೇ, ಹೋದ ಯುಗಾದಿಗೆ ಮುಂಚೆ.
"ಓದ್ತಾ ಇದೀವಿ ಕಣಮ್ಮ, ಪೇಪರ್ ರೇಟು ಇಳೀಲಿ."
ಆಮೇಲೆ ದಸರಾ ಕಳೀಲಿ ಅಂದರು.
ಆಮೇಲೆ ಫೋನೆತ್ತಿದ ಹುಡುಗ
ಯಾವ ಕಾದಂಬರಿ ಅಂದ.
ಹೆಸರು ಹೇಳಿದೆ. ಹೇಳುವಾಗ
ಹೆಸರು ಉದ್ದವಾಯಿತೇನೋ ಅನಿಸಿತು.

ಕೀಲಾರದ ಚಿಕ್ಕಬೋರಯ್ಯ ಕಿಂಡಿಗೆ ಮುಖವಿಟ್ಟ:
"ಅವ್ವಾ, ನೆನ್ನೆ ಮಧ್ಯಾನ ಕಡ್ದಿದ್ದು. ಒಣಗ್ತಾ ಕುಂತದೆ.
ತೂಕ ಹೋಯ್ತದೆ, ಹೋಗ್ಲಿ,
ಸಿಹಿ ಒಳಗೇ ಗಟ್ಟಿ ಆಯ್ತದೆ ಬುಡು."
ಹೇಳಿದ್ದು ನನಗೋ, ತನಗೋ.

ಟೀ ಹೊತ್ತಿನಲ್ಲಿ ಲ್ಯಾಬಿನ ತಬಸ್ಸುಮ್ ನಕ್ಕಳು.
"ಗಟ್ಟಿ ಎಲ್ಲಿಂದ ಬರುತ್ತೆ? ಕಡಿದ ಮೇಲೆ ಕಾದಷ್ಟೂ
ಸಕ್ಕರೆ ಒಳಗೊಳಗೇ ಒಡೆಯುತ್ತೆ."
ಬೆಳಗ್ಗೆ ಮನೆಗೆ ಹೋದವಳೇ, ಚಪ್ಪಲಿ ಬಿಡದೆ,
ಹಾಲು ಮೂಸುವ ಹಾಗೆ ಏಳನೇ ಅಧ್ಯಾಯ ಓದಿದೆ.
ಮೂರು ಪುಟ ಹುಳಿ ಹಿಡಿದಿತ್ತು, ಹರಿದೆ.
ಉಳಿದದ್ದು ಗೊತ್ತಾಗಲಿಲ್ಲ.
ಕಾದು ಕಾದು ನಾಲಿಗೆಯೂ ಜಡ್ಡುಗಟ್ಟಿದೆ.

ಒಂದು ರಾತ್ರಿ ಮಿಲ್ಲು ಕೆಟ್ಟು ನಿಂತಿತ್ತು.
ಆಪರೇಟರ್ ಬೀಡಿಗೆ ಹೋಗಿದ್ದ.
ಜೆರಾಕ್ಸ್ ಪ್ರತಿಯನ್ನು ತೂಕದ ಹಲಗೆಯ ನಟ್ಟನಡುವೆ ಇಟ್ಟು
ಓಡಿಬಂದು ಪರದೆ ನೋಡಿದೆ.
ನಲವತ್ತು ಟನ್ ತಾಳುವ ಕಬ್ಬಿಣ ಅದು,
ಹತ್ತು ಕೆಜಿಗಿಂತ ಕಮ್ಮಿ ಅದರ ಲೆಕ್ಕಕ್ಕಿಲ್ಲ.
ಸೊನ್ನೆ.
ಕೆಂಪಗೆ, ದುಂಡಗೆ, ಆರು ವರ್ಷಕ್ಕೆ ಒಂದು ಸೊನ್ನೆ.

ನಗು ಬಂತು. ಒಬ್ಬಳೇ ನಗುತ್ತಿದ್ದೆ,
ಅಷ್ಟರಲ್ಲಿ ಕ್ಯಾಂಟೀನಿನ ಬಡಕಲು ನಾಯಿ ಬಂದು
ಹಾಳೆ ಮೂಸಿ, ಮೂರು ಸುತ್ತು ಸುತ್ತಿ
ಅದಕ್ಕೇ ಆತುಕೊಂಡು ಮಲಗಿತು.
ಪರದೆಯಲ್ಲಿ: ಹತ್ತು.

ಗುಂಡಿ ಒತ್ತಿದೆ. ಚೀಟಿ ಬಂತು,
ದಿನಾಂಕ, ವೇಳೆ, ನಿವ್ವಳ ತೂಕ ಸಮೇತ.
ಪರ್ಸಿನಲ್ಲಿದೆ.
ಸದ್ಯಕ್ಕೆ ನನ್ನದು ಅಂತ ಅಚ್ಚಾಗಿರುವುದು ಅಷ್ಟೇ.

ಈಗ ಎರಡೂವರೆ. ಮಂಜು.
ಚಿಕ್ಕಬೋರಯ್ಯ ಕಬ್ಬಿನ ಮೇಲೆ ಕಂಬಳಿ ಹೊದ್ದು ಗೊರಕೆ.
ಮುಂದಿನ ಗಾಡಿಯ ಚಕ್ರ ಕಿರುಗುಟ್ಟಿದ್ದೇ ತಡ
ಅವನ ಎತ್ತುಗಳು, ಯಾರೂ ಹೇಳದೆ,
ನಾಲ್ಕು ಹೆಜ್ಜೆ ಎಳೆದು
ನಿಂತು
ಮತ್ತೆ ಮೆಲುಕು ಹಾಕತೊಡಗಿದವು.