ಬಿಟ್ಟ ಸ್ಥಳ

ಸ್ಟಾಫ್ ರೂಮಿನ ಬೀರು, ಮೂರನೇ ಅರೆ,
ಲ್ಯಾಮಿನೇಟರಿನ ಪಕ್ಕದಲ್ಲೊಂದು ನೀಲಿ ಡಬ್ಬ.
ಮೇಲೆ ಯಾರದೋ ದುಂಡು ಕೈಬರಹ:
‘ಮೂಲನಿವಾಸಿ ದೃಷ್ಟಿಕೋನ. ಒಂಬತ್ತನೇ ತರಗತಿ.
ಬಳಸಿದ ಮೇಲೆ ವಾಪಸ್ಸು ಇಡಿ.’

ವಾಗಾ ವಾಗಾಕ್ಕೆ ಬಂದ ಮೊದಲ ಚಳಿಗಾಲ ನನಗೆ.
ಕೋನ ಅಂದಮೇಲೆ ಡಿಗ್ರಿ ಎಷ್ಟು?
ಕೋನಮಾಪಕ ಕಳಕೊಂಡ ಹುಡುಗಿಯಂತೆ ತಡಕಾಡಿದೆ:
ಚುಕ್ಕಿ ಹಲ್ಲಿಗೆ ಬಣ್ಣ ತುಂಬುವ ಹಾಳೆ, ಮೂವತ್ತು.
ಚೀನಾದಲ್ಲಿ ಮಾಡಿದ ಪ್ಲಾಸ್ಟಿಕ್ ಬೂಮರಾಂಗ್, ತುದಿ ಮುರಿದದ್ದು,
ಎಸೆದವರ ಬಳಿಗೆ ಅದು ಮರಳಿದಂತಿಲ್ಲ.
ಒಂದು ಕತೆ, ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು,
ಎರಡನೇ ಪುಟವಿಲ್ಲ.
ಕತೆ ಹೇಳಿದ ಮುದುಕಿಯ ಮುಖ ಮಸಿಮುದ್ದೆ,
ಹೆಸರಿರಬೇಕಾದಲ್ಲಿ ಪಿನ್ನಿನ ತುಕ್ಕು.

ತಳದಲ್ಲಿ ಆ ಹಾಳೆ.
ಬಿಟ್ಟ ಸ್ಥಳ ತುಂಬಿರಿ.
ಒಂದು: ನಮ್ಮ ಊರಿನ ಹೆಸರಿನ ಅರ್ಥ ............
ಹಿಂದೆ ಉತ್ತರದ ಪಟ್ಟಿ: ಕಾಗೆಗಳ ಊರು.

ಎಷ್ಟು ಖುಷಿಪಟ್ಟೆನೆಂದರೆ!
ನಮ್ಮ ಕಾಗೆ ಕಾ ಅಂದರೆ ಇಲ್ಲಿಯದು ವಾ ಅನ್ನುತ್ತದೆ.
ಒಂದೇ ಮಾತು ಎರಡು ಸಲ ಅಂದರೆ ಬಹಳ;
ಊರೂರು, ಮನೆಮನೆ, ಗುಂಪುಗುಂಪು,
ಇದು ನಮ್ಮದೇ ವ್ಯಾಕರಣವಲ್ಲವೆ ಎಂದು
ಬೋರ್ಡಿನ ಮೇಲೆ ಎರಡು ಕಾಗೆ ಬರೆದು ಕುಣಿದಾಡಿದೆ.

ಕಿಟಕಿ ಪಕ್ಕದ ಬೆಂಚಿನ ಕೋಬಿ ಮಾತ್ರ
ಚುಕ್ಕಿಗೆರೆಯ ಮೇಲೆ ಬರೆದಿದ್ದ:
‘ನನ್ನ ಅಜ್ಜಿಯನ್ನು ಕೇಳಿ.’
ಉತ್ತರದ ಪಟ್ಟಿಯಲ್ಲಿ ಅಜ್ಜಿ ಇರಲಿಲ್ಲ.
ಕೆಂಪು ಗೀಟು ಎಳೆದೆ. ಹತ್ತಕ್ಕೆ ಒಂಬತ್ತು.

ಗುರುವಾರ, ಎರಡನೇ ಪೀರಿಯಡ್ಡು.
ಆಫೀಸಿನಿಂದ ಫೋನು: ‘ಆಂಟಿ ಮರ್ಲ್ ಬಂದಿದ್ದಾರೆ.’
ನಮ್ಮ ದಾವಣಗೆರೆಯಲ್ಲಿ ತರಕಾರಿಯವನು ಆಂಟಿ ಅಂದರೆ
ಮೂವತ್ತರ ಹೆಣ್ಣು ಸಿಡುಕಿ ಮುಂದಿನ ಗಾಡಿಗೆ ಹೋಗುತ್ತಾಳೆ.
ಇಲ್ಲಿ ಅದು ಗಳಿಸಬೇಕಾದ ಪದವಿ.
ಹೆಡ್‌ಮಾಸ್ತರರೇ ಎದ್ದು ಕುರ್ಚಿ ಎಳೆದುಕೊಟ್ಟಿದ್ದರು.

ಹಾಳೆಯನ್ನು ಮೇಜಿನ ಮೇಲೆ ಹರವಿ ಅಂಗೈಯಲ್ಲಿ ಸವರಿದರು.
‘ನೀನು ಕೇಳೋಕೆ ಬರಲಿಲ್ಲ.
ಅದಕ್ಕೇ ನಾನೇ ಬಂದೆ.’

ಕಾಗೆ ಅಂತ ಅವರೂ ಬರೆದಿದ್ದರಂತೆ, ಇದೇ ಶಾಲೆಯಲ್ಲಿ,
ಅರವತ್ತು ವರ್ಷದ ಕೆಳಗೆ. ಮಾರ್ಕು ಸಿಕ್ಕಿತ್ತಂತೆ.
ಮನೆಯಲ್ಲಿ ಅವರ ಅಜ್ಜಿ, ಬಾಗಿಲು ಹಾಕಿಕೊಂಡು, ಪಿಸುದನಿಯಲ್ಲಿ,
ಕುಣಿತ ಅನ್ನುತ್ತಿದ್ದಳಂತೆ.
ಕುಣಿತ, ಕುಣಿತ.
‘ಬೇರೆ ಅಜ್ಜಿ ಬೇರೆ ಹೇಳಿಯಾಳು. ಅವಳನ್ನೂ ಕೇಳು.’

ಆಮೇಲೆ ಆ ಚುಕ್ಕಿಗೆರೆಯ ಮೇಲೆ ಬೆರಳಿಟ್ಟು,
‘ಇದಕ್ಕೆ ನಿನ್ನ ಭಾಷೆಯಲ್ಲಿ ಏನಂತಾರೆ?’
ಬಿಟ್ಟ ಸ್ಥಳ, ಅಂದೆ. ಬಿಟ್ಟು ಹೋದ ಜಾಗ. ಖಾಲಿ. ತುಂಬಬೇಕು.
ಹೇಳುತ್ತ ಹೇಳುತ್ತ ನನಗೇ ಕೇಳಿಸಿತು.
ಅವರು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು.
‘ಯಾರಮ್ಮ ಬಿಟ್ಟದ್ದು?
ನಾವಂತೂ ಬಿಟ್ಟಿಲ್ಲ.’

ಮುಂದಿನ ವಾರ ತರಗತಿ ಹೊಳೆದಂಡೆಯಲ್ಲಿ.
ಅದ್ಭುತವೇನೂ ಆಗಲಿಲ್ಲ. ಇಬ್ಬರಿಗೆ ಶೀತ,
ಒಬ್ಬ ನೀರಿಗೆ ಕಲ್ಲೆಸೆದು ಬೈಸಿಕೊಂಡ.
ಆಂಟಿ ಬಹಳ ಹೊತ್ತು ಸುಮ್ಮನಿದ್ದರು, ಮಕ್ಕಳು ಚಡಪಡಿಸುವವರೆಗೆ,
ಆಮೇಲೆ ಚಡಪಡಿಕೆಯೂ ಸೋತು ಕೂರುವವರೆಗೆ.
ಒಂದು ಕತೆ ಶುರುಮಾಡಿದರು.
ನಾನು ಪೆನ್ನು ತೆಗೆದದ್ದು ಕಂಡು, ಮಾತು ನಿಲ್ಲಿಸದೆಯೇ,
ಕೈ ಚಾಚಿ ಕ್ಯಾಪು ಮುಚ್ಚಿದರು.
ಅರ್ಧದಲ್ಲಿ, ‘ಇಷ್ಟು ನಿಮಗೆ,’ ಅಂದರು. ಎದ್ದರು.
ಆ ಎರಡನೇ ಪುಟ ಕಳೆದದ್ದೋ,
ಕೊಡದೆ ಉಳಿಸಿಕೊಂಡದ್ದೋ, ಈಗ ಹೇಳಲಾರೆ.

ಡಬ್ಬದ ಚೀಟಿ ಕಿತ್ತೆ. ಪೂರ್ತಿ ಬರಲಿಲ್ಲ,
‘ವಾಪಸ್ಸು ಇಡಿ’ ಅಲ್ಲೇ ಅಂಟಿಕೊಂಡಿದೆ.

ಕೋಬಿಯ ಹಾಳೆಯನ್ನಾದರೂ ತಿದ್ದೋಣವೆಂದು
ಕಾರಿಡಾರಿನಲ್ಲಿ ತಡೆದು ಕೇಳಿದೆ: ತಾರಪ್ಪ, ಮಾರ್ಕು ಸರಿಮಾಡುತ್ತೇನೆ.
ಬ್ಯಾಗು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.
‘ಆಗಲ್ಲ ಮಿಸ್.
ಅಜ್ಜಿ ಅದನ್ನ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ,
ಗೀಟಿನ ಸಮೇತ.’