ಪರಿಚಿತರ ಖಾನೆ

ತಹಸೀಲ್ ಕಚೇರಿ ಎದುರಿಗೆ, ಬೇವಿನ ಮರಕ್ಕ ಆತುಕೊಂಡು
ನನ್ನ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಆದಾಯ ಪತ್ರ.
ರಾಯಚೂರಿನ ಅರ್ಧ ಮಂದಿ ಹುಟ್ಟಿದ ತಾರೀಖು
ನನ್ನ ಬೆರಳಿಗೆ ಗೊತ್ತು.
ಅರ್ಜಿ ಹಾಕಿದವರು ಬಂದು ಕೇಳ್ತಾರ, ಏನಾತವ್ವ?
ನಂಬರು ಹೊಡೆದು, ಪರದೆ ನೋಡಿ ಹೇಳ್ತೀನಿ,
ನಡದದ. ನಾಳಿಗಿ ಬರ್ರಿ.

ಈಗ ಹನ್ನೊಂದು ದಿನ ಆತು,
ಷಟರ್ ಎತ್ತಿದ ಕೂಡಲೇ, ಕಸ ಹೊಡೆಯೋಕೂ ಮೊದಲು,
ನಾನೇ ನನ್ನ ಗಿರಾಕಿ.

ಬೆರ್ಹಾನು ವೊರ್ಕು.
ಮೊದಲನೇದು ಅವನ ಹೆಸರು, ಎರಡನೇದು ಅವರಪ್ಪಂದು.
ಮನೆತನದ ಹೆಸರು ಅನ್ನೋದು ಅವರಲ್ಲಿ ಇಲ್ಲ.
ಖಾನೆ ಖಾಲಿ ಬಿಡುವಂತಿಲ್ಲ ಅಂತ ಅರ್ಜಿ ಕೆಂಪಾತು.
ಅಪ್ಪನ್ನೇ ಮನೆತನ ಮಾಡಿದೆವು, ಫೋನಿನಾಗ ನಕ್ಕೊಂತ.
ಆಗಿನ್ನೂ ನಗು ಬರ್ತಿತ್ತು.

ಆಮೇಲೆ ಹುಟ್ಟಿದ ವರ್ಷ.
ಅವರ ಪಂಚಾಂಗ ಏಳೆಂಟು ವರ್ಷ ಹಿಂದೆ ನಡೀತದ,
ಹದಿಮೂರು ತಿಂಗಳು, ಕೊನೇದಕ್ಕ ಐದೇ ದಿನ.
ಸಾಲಿ ದಾಖಲೆ ಎಂಬತ್ನಾಲ್ಕು ಅಂತದ, ಪಾಸ್‌ಪೋರ್ಟು ತೊಂಬತ್ತೆರಡು.
ಎರಡೂ ಖರೇನ.
ಎರಡು ಖರೇ ಹಿಡಿಸೋವಷ್ಟು ಅಗಲ
ಯಾವ ಸರ್ಕಾರದ ಖಾನೆಯೂ ಇಲ್ಲ.

ಅವ ಮೊದಲ ಸಲ ಬಂದದ್ದು ಸ್ಪೈರಲ್ ಬೈಂಡಿಂಗಿಗೆ.
ಕೃಷಿ ವಿಶ್ವವಿದ್ಯಾಲಯದವ, ಮುನ್ನೂರಾ ಹನ್ನೆರಡು ಪುಟ,
ಎರೆಮಣ್ಣು ಬಿರಿಯೋದರ ಬಗ್ಗೆ.
ಇದರಾಗ ಬರೀಲಿಕ್ಕೆ ಏನದ, ಬ್ಯಾಸಗಿ ಬಂದರ ಬಿರೀತದ, ಅಂದೆ.
ಅವ ಒಂದು ಫೋಟೊ ತೋರಿಸಿದ. ಕರಿ ಹೊಲ, ಮೊಣಕಾಲು ಇಳಿಯೋ ಬಿರುಕು.
ಲಿಂಗಸುಗೂರು ಕಡೇದು ಅಂದುಕೊಂಡೆ.
ಅವರೂರಂತ. ಗಿಂಚಿ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದ್ದೆ.
ಗುರೆಳ್ಳು ಚಟ್ನಿ ಬೆರಳಿಗೆ ಹಚ್ಚಿಕೊಂಡು ನೆಕ್ಕಿದವ
ಕಣ್ಣು ಮುಚ್ಚಿ, 'ನೂಗ್' ಅಂದ.
ಅವರವ್ವ ಹುರೀತಿದ್ದ ಕಾಳು.
ಅಲ್ಲಿಂದಲೇ ಬಂದದ್ದಂತ ಇದು, ಎಷ್ಟೋ ಸಾವಿರ ವರ್ಷದ ಹಿಂದೆ,
ಜೋಳನೂ.
ಯಾರ ಗಂಟಿನಾಗ ಬಂತೋ, ಯಾರ ಹಡಗಿನಾಗೋ,
ಹೋಟೆಲ್ ಬುಕಿಂಗ್ ಕೇಳಿದ್ದರೇನು ಅದಕ್ಕ,
ಬ್ಯಾಂಕಿನ ಆರು ತಿಂಗಳ ಲೆಕ್ಕ?
ನಮ್ಮವ್ವ ಒಳಕಲ್ಲಿಗೆ ಹಾಕುವಾಗ
ಎಲ್ಲೀದು ಅಂತ ಒಂದಿನ ಕೇಳಿಲ್ಲ.

ಅವನ ಬಗ್ಗೆ ಮಾತ್ರ ಕೇಳ್ತಾಳ.
ಬಂದರ ಎಲ್ಲಿ ಇಳ್ಕೊಂತಾನ. ಮಂದಿಗಿ ಏನಂತ ಹೇಳೋದು.

ಅರ್ಜಿ ಕೇಳಿದ್ದೂ ಅದನ್ನೇ, ಇನ್ನಷ್ಟು ಮರ್ಯಾದಿಯಿಂದ.
ಬರುವ ಉದ್ದೇಶ: ಪ್ರವಾಸ.
ನೋಡುವ ಸ್ಥಳ: ಕೋಟೆ, ಹಂಪಿ. ಎಲ್ಲಾರೂ ಬರೀತಾರ, ನಾವೂ ಬರೆದೆವು.
ಬರೀಲಾರದೆ ಬಿಟ್ಟದ್ದು
ಈ ಅಂಗಡಿಯ ಸ್ಟೂಲು, ಅದರ ಒಂದು ಕಾಲು ಮೋಟು,
ಶಕ್ತಿನಗರದ ಹೊಗೆ ಕೃಷ್ಣೆ ಮ್ಯಾಲ ಬಾಗೋ ಹೊತ್ತು,
ನನ್ನ ಎಡ ಹುಬ್ಬಿನ ಹಳೇ ಹೊಲಿಗೆ.
ಭಾರತದಲ್ಲಿ ಪರಿಚಿತರು: ಹಂಪಮ್ಮ, ತಂದೆ ಆದೆಪ್ಪ.
ಸಂಬಂಧ?
ಕರ್ಸರ್ ಮಿಣುಕಿತು, ಮಿಣುಕಿತು.
ಅವ ಅಲ್ಲಿಂದ ಹೇಳಿದ, ನಾ ಇಲ್ಲಿಂದ ಒತ್ತಿದೆ,
ಸ್ನೇಹಿತೆ.
ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ, ಮಾತೂ ಆಡಲಿಲ್ಲ.

ಇವತ್ತೂ ಅದೇ ಸಾಲು. ಪ್ರಕ್ರಿಯೆಯಲ್ಲಿದೆ.
ಅಲ್ಲಿ ತಾಸು ಎಣಿಸೋದು ಹೊತ್ತು ಹುಟ್ಟಿದ ಮ್ಯಾಲಿಂದ.
ನನಗ ಹನ್ನೊಂದೂವರಿ ಆದಾಗ ಅವನಿಗೆ ಬರೇ ಮೂರು.
ನಿಮ್ಮ ಆ ಐದು ದಿನದ ತಿಂಗಳು ಕಡ ಕೊಡು,
ಈ ಕಾಯೋದನ್ನೆಲ್ಲ ಅದರಾಗ ತುಂಬಿ ಬಾಯಿ ಕಟ್ತೀನಿ, ಅಂದೆ.
ಈ ವರ್ಷ ಅದಕ್ಕ ಆರು ದಿನ, ಅಂದ.

ದುರುಗಮ್ಮ ಬಂದು ಕಟ್ಟಿ ಮ್ಯಾಲ ಕುಂತಳು.
ವಿಧವಾ ವೇತನ, ನಾಲ್ಕು ತಿಂಗಳಾತು.
ಏನಾತವ್ವ?
ನಡದದ ಅನ್ನಲಿಕ್ಕೆ ಬಾಯಿ ತೆರೆದೆ,
ಬರಲಿಲ್ಲ.
ಸ್ಟೂಲು ಸರಿಸಿ ಪರದೆಯನ್ನ ಆಕಿ ಕಡೆ ತಿರುಗಿಸಿದೆ.
ಮಗ್ಗಲು ಮಗ್ಗಲಿಗೆ ಎರಡು ಅರ್ಜಿ ತೆರೆದಿದ್ದವು.
ಓದಲಿಕ್ಕೆ ಬರದಾಕಿ ಭಾಳ ಹೊತ್ತು ನೋಡಿದಳು.
ಇದರಾಗ ನಂದ್ಯಾವುದು, ಅಂದಳು,
ನಿಂದ್ಯಾವುದು?